ಜಿರಲೆ ಸತ್ತರೂ ಸಂತತಿ ಸಾಯದು

ರಾತ್ರಿ ಹನ್ನೊಂದು ಗಂಟೆಗೆ ನೀರು ಕುಡಿಯಲೆಂದು ಅಡುಗೆಮನೆಯ ದೀಪ ಹಾಕುತ್ತೀರಿ. ಕಟ್ಟೆಯ ಮೇಲೆ, ಸಿಂಕಿನ ಅಂಚಿನಲ್ಲಿ, ಮುಸುರೆ ಪಾತ್ರೆಗಳ ನಡುವೆ ಏನೋ ಸರಸರನೆ ಚದುರಿ ಮಾಯವಾಗುತ್ತದೆ. ಮರುದಿನವೇ ಅಂಗಡಿಯಿಂದ ಔಷಧಿಯ ಡಬ್ಬ ಬರುತ್ತದೆ. ಮೂಲೆ ಮೂಲೆಗೂ ಸಿಂಪಡಿಸಿದ್ದಾಯಿತು. ಬೆಳಗ್ಗೆ ಎದ್ದು ನೋಡಿದರೆ ಹತ್ತಾರು ಜಿರಲೆಗಳು ಅಂಗಾತ ಬಿದ್ದಿವೆ. ಮನೆಯವರಿಗೆಲ್ಲ ಸಮಾಧಾನ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಕತೆ! "ಔಷಧಿಯೇ ಕಲಬೆರಕೆ" ಎಂದು ಅಂಗಡಿಯವನನ್ನು ದೂರುವವರು ಕೆಲವರು. "ಪಕ್ಕದ ಮನೆಯಿಂದ ಬರುತ್ತಿವೆ" ಎನ್ನುವವರು ಇನ್ನು ಕೆಲವರು.

ಈ ಎರಡು ಮಾತುಗಳಲ್ಲೂ ಅಲ್ಪಸ್ವಲ್ಪ ನಿಜವಿರಬಹುದು. ಆದರೆ ಅನೇಕ ಮನೆಗಳಲ್ಲಿ ನಡೆಯುವುದೇ ಬೇರೆ. ಆ ಜಿರಲೆಗಳು ಎಲ್ಲಿಂದಲೋ ಮರಳಿ ಬಂದವಲ್ಲ; ಔಷಧಿ ಹೊಡೆದ ದಿನ ಮೊಟ್ಟೆಯೊಳಗಿದ್ದು, ಆಮೇಲೆ ನಮ್ಮ ಮನೆಯಲ್ಲೇ ಹುಟ್ಟಿದವು. ಜಿರಲೆಯ ಕಾಟ ತಪ್ಪಬೇಕಾದರೆ ಡಬ್ಬಕ್ಕಿಂತ ಮೊದಲು ಬೇಕಾದದ್ದು ಅದರ ಜೀವನಕ್ರಮದ ತಿಳಿವಳಿಕೆ. ಈ ಪಾಠವನ್ನು ಮನೆಯಲ್ಲಿ ಮಕ್ಕಳೇ ಮುಂದೆ ನಿಂತು ನಡೆಸಬಹುದು.

ಯಾವ ಜಿರಲೆ?

ಜಗತ್ತಿನಲ್ಲಿ ಸುಮಾರು 4,600 ಬಗೆಯ ಜಿರಲೆಗಳಿವೆ. ಅವುಗಳಲ್ಲಿ ಬಹುಪಾಲು ಕಾಡಿನಲ್ಲಿ ತರಗೆಲೆಗಳನ್ನು ತಿಂದು ಮಣ್ಣಿಗೆ ಸೇರಿಸುತ್ತಾ ತಮ್ಮ ಪಾಡಿಗೆ ತಾವಿರುತ್ತವೆ. ಮನುಷ್ಯನ ವಾಸಸ್ಥಳಕ್ಕೆ ಅಂಟಿಕೊಂಡವು ಸುಮಾರು 30 ಬಗೆ ಮಾತ್ರ. ನಮ್ಮ ಮನೆಗಳಲ್ಲಿ ಮುಖ್ಯವಾಗಿ ಕಾಣುವವು ಎರಡು.

ಮೊದಲನೆಯದು ಕೆಂಪು ಮಿಶ್ರಿತ ಕಂದು ಬಣ್ಣದ ದೊಡ್ಡ ಜಿರಲೆ. ಪಿಯುಸಿ ಜೀವಶಾಸ್ತ್ರ ಓದಿದವರಿಗೆ ಇದು 'ಪೆರಿಪ್ಲಾನೆಟಾ ಅಮೆರಿಕಾನಾ' ಎಂದು ಚೆನ್ನಾಗಿಯೇ ಗೊತ್ತು. ಹೆಸರಿಗೆ ಅಮೆರಿಕದ್ದಾದರೂ ಇದರ ಮೂಲ ಆಫ್ರಿಕಾ. ಹಡಗುಗಳಲ್ಲಿ ಸರಕಿನ ಜೊತೆ ಲೋಕವೆಲ್ಲ ಸುತ್ತಿತು. ಇದರ ತವರು ಚರಂಡಿ, ಬಚ್ಚಲು, ಒಳಚರಂಡಿಯ ಗುಂಡಿ. ಜೂನ್ ತಿಂಗಳಲ್ಲಿ ಮಳೆ ನೀರು ಚರಂಡಿಗೆ ನುಗ್ಗಿದಾಗ ಬಚ್ಚಲಿನ ಕೊಳವೆ ಹತ್ತಿ ಮನೆಯೊಳಗೆ ಬರುವುದು ಇದೇ.

ಎರಡನೆಯದು ತಿಳಿ ಕಂದು ಬಣ್ಣದ, ಒಂದೂವರೆ ಸೆಂಟಿಮೀಟರ್ ಕೂಡ ಇಲ್ಲದ ಪುಟ್ಟ ಜಿರಲೆ. ತಲೆಯ ಹಿಂಭಾಗದ ಫಲಕದ ಮೇಲೆ ಎರಡು ಕಪ್ಪು ಗೆರೆಗಳಿರುತ್ತವೆ. ಇದನ್ನು ಮರಿಯೆಂದು ತಿಳಿದು ಕಡೆಗಣಿಸುವವರೇ ಹೆಚ್ಚು. ಇದು 'ಜರ್ಮನ್ ಜಿರಲೆ'. ಲಿನೇಯಸ್ 1767ರಲ್ಲಿ ಈ ಹೆಸರಿಟ್ಟ. ಆದರೆ 2024ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವೊಂದು ಇದರ ಜಾತಕವನ್ನೇ ಬದಲಿಸಿತು. ಸುಮಾರು 2,100 ವರ್ಷಗಳ ಹಿಂದೆ, ಭಾರತ ಅಥವಾ ಮ್ಯಾನ್ಮಾರ್‌ನಲ್ಲಿ, ಹೊಲಗದ್ದೆಯ ಜಿರಲೆಯೊಂದು ಮನುಷ್ಯರ ಮನೆಗೆ ಹೊಂದಿಕೊಂಡು ಈ ಪ್ರಭೇದವಾಯಿತಂತೆ. ಯುರೋಪನ್ನು ಮುಟ್ಟಿದ್ದು ಸುಮಾರು 270 ವರ್ಷಗಳ ಹಿಂದೆಯಷ್ಟೇ. ಅಂದರೆ 'ಜರ್ಮನ್' ಎನಿಸಿಕೊಂಡದ್ದು ನಮ್ಮ ಕಡೆಯದೇ ಕೂಸು!

ಯಾವುದು ಎಂದು ಗುರುತಿಸುವುದು ಪಾಂಡಿತ್ಯ ಪ್ರದರ್ಶನಕ್ಕಲ್ಲ. ದೊಡ್ಡದು ಹೆಚ್ಚಾಗಿ ಕಂಡರೆ ಬಚ್ಚಲು, ಚರಂಡಿಗಳ ದಾರಿ ಮುಚ್ಚಬೇಕು. ಚಿಕ್ಕದು ಕಂಡರೆ ಅದು ಅಡುಗೆಮನೆಯಲ್ಲೇ ಸಂಸಾರ ಹೂಡಿದೆ ಎಂದು ಅರ್ಥ; ಸಂತೆಯ ಚೀಲದಲ್ಲೋ ಅಂಗಡಿಯ ರಟ್ಟಿನ ಪೆಟ್ಟಿಗೆಯಲ್ಲೋ ಬಂದಿರುತ್ತದೆ.

ಏಕೆ ಸಿಕ್ಕುವುದಿಲ್ಲ?

ಪೊರಕೆ ಎತ್ತುವ ಮೊದಲೇ ಜಿರಲೆ ಓಡುತ್ತದೆ. ಅದರ ಹಿಂಬದಿಯ ಎರಡು ಪುಟ್ಟ ಕುಡಿಗಳಲ್ಲಿ ಗಾಳಿಯ ಅಲುಗಾಟವನ್ನು ಗ್ರಹಿಸುವ ಸೂಕ್ಷ್ಮ ರೋಮಗಳಿವೆ. ನಮ್ಮ ಕೈ ಬೀಸಿದ ಗಾಳಿ ತಾಕಿದ ಸುಮಾರು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಅದು ತಿರುಗಿ ಓಟ ಕೀಳುತ್ತದೆ. 1991ರಲ್ಲಿ ವಿಜ್ಞಾನಿಗಳು ಅಳೆದಂತೆ ದೊಡ್ಡ ಜಿರಲೆಯ ಗರಿಷ್ಠ ವೇಗ ಸೆಕೆಂಡಿಗೆ 1.5 ಮೀಟರ್, ತನ್ನ ಮೈಯುದ್ದದ ಐವತ್ತು ಪಟ್ಟು ದೂರ! ಇನ್ನು ಸಂದಿಯ ಮಾತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದಂತೆ, ಅದೇ ದೊಡ್ಡ ಜಿರಲೆ ಮೈಯನ್ನು ಚಪ್ಪಟೆ ಮಾಡಿಕೊಂಡು ಕೇವಲ 3 ಮಿಲಿಮೀಟರ್ ಎತ್ತರದ ಸಂದಿಯಲ್ಲಿ ನುಸುಳಬಲ್ಲದು. ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು ಜಾಗ ಸಾಕು.

ಮೇಲಾಗಿ, ಜಿರಲೆಗೆ ಬೆನ್ನೂ ಹೊಟ್ಟೆಯೂ ಏನಾದರೊಂದಕ್ಕೆ ತಾಗಿಕೊಂಡಿದ್ದರೇ ನೆಮ್ಮದಿ. ಹಾಗಾಗಿ ಬಾಗಿಲಿನ ತಿರುಗಣಿ, ಕಪಾಟಿನ ಹಿಂಬದಿ, ಮಿಕ್ಸಿಯ ತಳ, ಫ್ರಿಜ್ಜಿನ ಮೋಟಾರಿನ ಬೆಚ್ಚಗಿನ ಮೂಲೆ ಅದಕ್ಕೆ ಅರಮನೆ. ತನ್ನ ಹಿಕ್ಕೆಯ ವಾಸನೆಯಿಂದಲೇ ಬಂಧುಬಳಗವನ್ನು ಅಲ್ಲಿಗೆ ಕರೆಯುತ್ತದೆ. ಹಗಲಿಡೀ ಅಲ್ಲೇ ಇದ್ದು ರಾತ್ರಿ ಹೊರಬೀಳುತ್ತದೆ. ಹಗಲಲ್ಲೂ ಜಿರಲೆಗಳು ಓಡಾಡುತ್ತಿದ್ದರೆ ಒಳಗೆ ಜಾಗ ಸಾಲದಷ್ಟು ಸಂಖ್ಯೆ ಬೆಳೆದಿದೆ ಎಂದು ತಿಳಿಯಬೇಕು.

ಮೊಟ್ಟೆಯ ಲೆಕ್ಕ

ಈಗ ಮೂಲ ಪ್ರಶ್ನೆಗೆ ಬರೋಣ. ಕಪಾಟಿನ ಮೂಲೆಯಲ್ಲಿ ಹುಣಸೆಬೀಜದ ಬಣ್ಣದ, ಅದಕ್ಕಿಂತ ಚಿಕ್ಕದಾದ, ಒಂದು ಅಂಚಿಗೆ ಹೊಲಿಗೆ ಹಾಕಿದಂತಿರುವ ಪುಟ್ಟ ಚೀಲವನ್ನು ನೀವು ಗುಡಿಸುವಾಗ ಕಂಡಿರಬಹುದು. ಇದೇ ಜಿರಲೆಯ ಮೊಟ್ಟೆಚೀಲ, ಪಠ್ಯಪುಸ್ತಕದ ಭಾಷೆಯಲ್ಲಿ ಊಥೀಕಾ. ದೊಡ್ಡ ಜಿರಲೆಯ ಚೀಲವೊಂದರಲ್ಲಿ 14ರಿಂದ 16 ಮೊಟ್ಟೆಗಳಿರುತ್ತವೆ. ತಾಯಿ ಅದನ್ನು ಸಂದಿಯಲ್ಲಿ ಅಂಟಿಸಿ ಹೋಗುತ್ತದೆ. ಮರಿ ಹೊರಬರಲು ಆರರಿಂದ ಎಂಟು ವಾರ ಬೇಕು.

ಈ ಚೀಲದ ಗೋಡೆ ಗಟ್ಟಿ. ಮೇಲೆ ಸಿಂಪಡಿಸಿದ ಔಷಧಿ ಸಾಮಾನ್ಯವಾಗಿ ಒಳಗಿನ ಮೊಟ್ಟೆಗೆ ತಟ್ಟುವುದಿಲ್ಲ. ನೀವು ಇಂದು ಔಷಧಿ ಹೊಡೆದು ತಾಯಿಯನ್ನು ಕೊಂದಿರಿ. ಚೀಲ ಸಂದಿಯಲ್ಲೇ ಉಳಿಯಿತು. ಮರಿಗಳು ಹೊರಬರುವ ವೇಳೆಗೆ ಔಷಧಿಯ ಪ್ರಭಾವವೂ ಇಳಿದಿರುತ್ತದೆ. ಎರಡು ತಿಂಗಳ ಬಳಿಕ ಕಾಣುವ ಹೊಸ ದಂಡಿನ ಗುಟ್ಟು ಇಷ್ಟೇ.

ಜರ್ಮನ್ ಜಿರಲೆ ಇನ್ನೂ ಚುರುಕು. ಅದರ ಚೀಲದಲ್ಲಿ 30ರಿಂದ 40 ಮೊಟ್ಟೆ. ಮರಿ ಹೊರಬರುವ ತನಕ ತಾಯಿಯೇ ಅದನ್ನು ಬಾಲದ ತುದಿಯಲ್ಲಿ ಹೊತ್ತು ತಿರುಗುತ್ತದೆ. ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಹೆಚ್ಚೆಂದರೆ ಮೂರು ತಿಂಗಳ ಚಿಲ್ಲರೆ ಸಾಕು. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. ಚೀಲಕ್ಕೆ 35 ಮೊಟ್ಟೆ, ಅವುಗಳಲ್ಲಿ 17 ಹೆಣ್ಣು, ಪ್ರತಿ ಹೆಣ್ಣೂ ಜೀವಮಾನದಲ್ಲಿ ಒಂದೇ ಚೀಲ ಇಟ್ಟಿತು ಎಂದಿಟ್ಟುಕೊಳ್ಳಿ. ಎರಡನೇ ತಲೆಮಾರಿಗೆ 595. ಅವುಗಳಲ್ಲಿ 297 ಹೆಣ್ಣು ಎಂದರೆ ಮೂರನೇ ತಲೆಮಾರಿಗೆ 10,395! ಎಲ್ಲವೂ ಬದುಕುವುದಿಲ್ಲ ನಿಜ. ಆದರೆ ಒಂದು ಹೆಣ್ಣು ನಾಲ್ಕಾರು ಚೀಲಗಳನ್ನು ಇಡುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಉಬ್ಬಸದ ನಂಟು

"ಜಿರಲೆ ಕಚ್ಚುವುದಿಲ್ಲ, ಕುಟುಕುವುದಿಲ್ಲ, ಅದಕ್ಕೇಕೆ ಇಷ್ಟು ರಂಪ?" ಎಂದು ಕೇಳುವವರಿದ್ದಾರೆ. ಚರಂಡಿಯಲ್ಲಿ ನಡೆದ ಕಾಲಿನಲ್ಲೇ ಅದು ಚಪಾತಿಯ ಮೇಲೂ ನಡೆಯುತ್ತದೆ. ಸಾಲ್ಮೊನೆಲ್ಲಾದಂಥ ರೋಗಕಾರಕ ಬ್ಯಾಕ್ಟೀರಿಯಾಗಳು ಜಿರಲೆಯ ಮೈಮೇಲೂ ಕರುಳಿನಲ್ಲೂ ಸಿಕ್ಕಿವೆ. ಇದು ಎಲ್ಲರಿಗೂ ತಿಳಿದ ಅಪಾಯ. ಹೆಚ್ಚು ಜನರ ಗಮನಕ್ಕೆ ಬಾರದ ಅಪಾಯ ಇನ್ನೊಂದಿದೆ.

ಜಿರಲೆಯ ಹಿಕ್ಕೆ, ಜೊಲ್ಲು, ಕಳಚಿದ ಪೊರೆ, ಸತ್ತ ಮೈಯ ಚೂರುಗಳು ಪುಡಿಯಾಗಿ ಮನೆಯ ಧೂಳಿಗೆ ಸೇರುತ್ತವೆ. ಈ ಧೂಳು ಕೆಲವು ಮಕ್ಕಳಲ್ಲಿ ಅಲರ್ಜಿಯನ್ನೂ ಉಬ್ಬಸವನ್ನೂ ಕೆರಳಿಸುತ್ತದೆ. 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಎಂಟು ನಗರ ಪ್ರದೇಶಗಳ 476 ಉಬ್ಬಸಪೀಡಿತ ಮಕ್ಕಳನ್ನು ಪರೀಕ್ಷಿಸಿತು. ಅವರಲ್ಲಿ ಶೇಕಡಾ 36.8ರಷ್ಟು ಮಕ್ಕಳಿಗೆ ಜಿರಲೆಯ ಅಲರ್ಜಿ ಇತ್ತು. ಆ ಅಲರ್ಜಿಯೂ ಇದ್ದು, ಮಲಗುವ ಕೋಣೆಯ ಧೂಳಿನಲ್ಲಿ ಜಿರಲೆಯ ಅಂಶವೂ ಹೆಚ್ಚಿದ್ದ ಮಕ್ಕಳು ಉಳಿದವರಿಗಿಂತ 3.4 ಪಟ್ಟು ಹೆಚ್ಚು ಸಲ ಆಸ್ಪತ್ರೆ ಸೇರಿದ್ದರು. ನ್ಯೂ ಆರ್ಲಿಯನ್ಸ್ ನಗರದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಜಿರಲೆಗೆ ವಿಷದ ತಿನಿಸು ಇಟ್ಟು ಸಂಖ್ಯೆ ತಗ್ಗಿಸಿದ ಮನೆಗಳಲ್ಲಿ ಮಕ್ಕಳ ಉಬ್ಬಸದ ತೊಂದರೆಯೂ ತಗ್ಗಿತು.

ರಾತ್ರಿ ಕೆಮ್ಮುವ, ಸೀನುವ, ಉಸಿರಿಗೆ ಒದ್ದಾಡುವ ಮಗು ಮನೆಯಲ್ಲಿದ್ದರೆ ಪೋಷಕರು ಈ ಮಾತನ್ನು ವೈದ್ಯರ ಗಮನಕ್ಕೆ ತರಬೇಕು. ವೈದ್ಯರು ಕೊಟ್ಟ ಔಷಧಿಯನ್ನು ಮಾತ್ರ ನಿಲ್ಲಿಸಬಾರದು. ಅಂಥ ಮನೆಯಲ್ಲಿ ಸತ್ತ ಜಿರಲೆ ಮತ್ತು ಹಿಕ್ಕೆಯನ್ನು ಒಣಪೊರಕೆಯಿಂದ ಗುಡಿಸಿದರೆ ಧೂಳು ಗಾಳಿಗೆ ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ. ಉಬ್ಬಸದ ಮಗುವಿರುವ ಕೋಣೆಗೆ ಔಷಧಿ ಸಿಂಪಡಿಸುವುದಂತೂ ಒಂದು ಕಷ್ಟಕ್ಕೆ ಇನ್ನೊಂದನ್ನು ಸೇರಿಸಿದಂತೆ.

ಏಳು ರಾತ್ರಿಯ ಪ್ರಯೋಗ

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಎಣಿಕೆಯಿಂದ! ಅಗಲ ಬಾಯಿಯ ನಾಲ್ಕು ಹಳೆಯ ಗಾಜಿನ ಬಾಟಲಿಗಳನ್ನು ತೆಗೆದುಕೊಳ್ಳಿ. ಹೊರಮೈಗೆ ಕಾಗದ ಸುತ್ತಿ ಅಂಟಿಸಿ. ಜಿರಲೆ ಹತ್ತಲು ಹಿಡಿತ ಬೇಕಷ್ಟೆ. ಒಳಗಡೆ ಕುತ್ತಿಗೆಯ ಸುತ್ತ ಎರಡು ಬೆರಳಗಲ ಪೆಟ್ರೋಲಿಯಂ ಜೆಲ್ಲಿ ಸವರಿ. ಇಳಿದದ್ದು ಮೇಲೇರಲಾರದು. ತಳದಲ್ಲಿ ಬ್ರೆಡ್ಡಿನ ಅಥವಾ ಬಾಳೆಹಣ್ಣಿನ ಚೂರು ಹಾಕಿ. ರಾತ್ರಿ ಮಲಗುವ ಮುನ್ನ ಸಿಂಕಿನ ಕೆಳಗೆ, ಗ್ಯಾಸ್ ಸಿಲಿಂಡರ್ ಪಕ್ಕ, ಫ್ರಿಜ್ಜಿನ ಹಿಂದೆ, ಬಚ್ಚಲಿನ ಬಾಗಿಲ ಬಳಿ ಗೋಡೆಗೆ ತಾಗಿಸಿ ಒಂದೊಂದು ಇಡಿ.

ಬೆಳಗ್ಗೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ: ತಾರೀಖು, ಜಾಗ, ದೊಡ್ಡವು ಎಷ್ಟು, ಮರಿಗಳು ಎಷ್ಟು. ಬಳಿಕ ಬಾಟಲಿಗೆ ಸಾಬೂನು ನೀರು ಸುರಿಯಿರಿ. ಜಿರಲೆ ಉಸಿರಾಡುವುದು ಮೂಗಿನಿಂದಲ್ಲ, ಮೈಯ ಪಕ್ಕಗಳಲ್ಲಿರುವ ಹತ್ತು ಜೊತೆ ರಂಧ್ರಗಳಿಂದ. ತಲೆ ಹೋದರೂ ಅದು ಕೆಲವು ದಿನ ಬದುಕುವುದಕ್ಕೆ ಇದೂ ಒಂದು ಕಾರಣ. ಬರಿಯ ನೀರು ಅದರ ಮೈಗೆ ಸುಲಭವಾಗಿ ಅಂಟದು. ಸಾಬೂನು ಬೆರೆತಾಗ ನೀರಿನ ಮೇಲ್ಮೈ ಎಳೆತ ಕುಗ್ಗಿ, ನೀರು ಆ ರಂಧ್ರಗಳನ್ನು ಹೊಕ್ಕು ಉಸಿರು ಕಟ್ಟಿಸುತ್ತದೆ. ಕೆಲಸ ಮುಗಿದ ಮೇಲೆ ಕೈ ತೊಳೆಯುವುದನ್ನು ಮರೆಯಬಾರದು.

ಏಳು ದಿನಗಳ ಲೆಕ್ಕ ನೋಡಿದರೆ ಮನೆಯ ನಕ್ಷೆಯೇ ಕಣ್ಣೆದುರು ಬರುತ್ತದೆ. ಮರಿಗಳು ಗೂಡಿನಿಂದ ಹೆಚ್ಚು ದೂರ ಹೋಗುವುದಿಲ್ಲ. ಯಾವ ಬಾಟಲಿಯಲ್ಲಿ ಮರಿಗಳು ಹೆಚ್ಚೋ ಅದರ ಆಸುಪಾಸಿನಲ್ಲೇ ಗೂಡಿದೆ. ಮನೆಯೆಲ್ಲ ಔಷಧಿ ಹೊಡೆಯುವ ಬದಲು ಆ ಒಂದು ಮೂಲೆಗೆ ಗಮನ ಕೊಡಬಹುದು.

ನೀರು, ಅನ್ನ, ನೆಲೆ

ಜರ್ಮನ್ ಜಿರಲೆ ನೀರಿದ್ದರೆ ಅನ್ನವಿಲ್ಲದೆ ಒಂದು ತಿಂಗಳ ಹತ್ತಿರ ಬದುಕಬಲ್ಲದು. ನೀರಿಲ್ಲದಿದ್ದರೆ ಎರಡು ವಾರವೂ ಕಷ್ಟ. ಹಾಗಾಗಿ ಮೊದಲ ಪೆಟ್ಟು ನೀರಿಗೆ ಬೀಳಬೇಕು. ಸೋರುವ ನಲ್ಲಿಗೆ ಹೊಸ ವಾಷರ್ ಹಾಕಿಸಿ. ಮಲಗುವ ಮುನ್ನ ಸಿಂಕನ್ನೂ ಕಟ್ಟೆಯನ್ನೂ ಒಣಬಟ್ಟೆಯಿಂದ ಒರೆಸಿ. ಒದ್ದೆ ಮಸಿಬಟ್ಟೆ, ಒದ್ದೆ ಕಾಲೊರಸು ರಾತ್ರಿಯಿಡೀ ಮುದ್ದೆಯಾಗಿ ಬಿದ್ದಿರಬಾರದು. ಫ್ರಿಜ್ಜಿನ ಹಿಂದಿನ ತಟ್ಟೆಯ ನೀರನ್ನೂ ಹೂಕುಂಡದ ಕೆಳಗಿನ ತಟ್ಟೆಯ ನೀರನ್ನೂ ಚೆಲ್ಲಿ.

ಎರಡನೆಯದು ಅನ್ನ. ಮುಸುರೆ ಪಾತ್ರೆಗಳನ್ನು ಬೆಳಗ್ಗೆ ಕೆಲಸದವರು ಬರುವವರೆಗೆ ಬಿಡುವ ವಾಡಿಕೆ ಅನೇಕ ಮನೆಗಳಲ್ಲಿದೆ. ತೊಳೆಯಲಾಗದಿದ್ದರೆ ಎಂಜಲು ತೆಗೆದು ಸಾಬೂನು ನೀರಿನಲ್ಲಿ ಮುಳುಗಿಸಿಡಬಹುದು. ಕಸದ ಬುಟ್ಟಿಗೆ ಮುಚ್ಚಳ ಬೇಕು. ಒಲೆಯ ಕೆಳಗೆ ಹೆಪ್ಪುಗಟ್ಟಿದ ಎಣ್ಣೆ ಜಿಡ್ಡು, ಮಿಕ್ಸಿಯ ತಳದಲ್ಲಿ ಅಂಟಿದ ಹಿಟ್ಟು, ದೇವರ ಮನೆಯಲ್ಲಿ ಉಳಿದ ನೈವೇದ್ಯ ಎಲ್ಲವೂ ಜಿರಲೆಗೆ ಔತಣವೇ. ಮಕ್ಕಳ ಪಾಲೂ ಇದರಲ್ಲಿದೆ. ಊಟದ ಡಬ್ಬ ತೊಳೆಯದೆ ಶಾಲೆಯ ಚೀಲದಲ್ಲೇ ಬಿಡುವುದು, ಹಾಸಿಗೆಯ ಮೇಲೆ ಕೂತು ಬಿಸ್ಕತ್ತು ತಿನ್ನುವುದು ನಿಲ್ಲಬೇಕು. ಪುಸ್ತಕದ ಬೆನ್ನಿಗೆ ಹಚ್ಚಿದ ಗಂಜಿಯ ಅಂಟನ್ನೂ ಜಿರಲೆ ಬಿಡುವುದಿಲ್ಲ.

ಮೂರನೆಯದು ನೆಲೆ. ಗೋಡೆಗೂ ಕಟ್ಟೆಗೂ ನಡುವಿನ ಸಂದಿ, ಕೊಳವೆ ಗೋಡೆ ಹೊಕ್ಕ ಜಾಗ, ಒಡೆದ ಟೈಲ್ಸ್ ಇವುಗಳಿಗೆ ಬಿಳಿ ಸಿಮೆಂಟ್ ತುಂಬಿ. ಬಚ್ಚಲಿನ ತೂತಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ರಾತ್ರಿ ಮುಚ್ಚಿಡಿ. ಅಂಗಡಿಯ ರಟ್ಟಿನ ಪೆಟ್ಟಿಗೆ ಅಡುಗೆಮನೆಗೆ ಬಾರದಿರಲಿ. ಅಟ್ಟದ ಮೇಲಿನ ಹಳೆಯ ಪತ್ರಿಕೆಯ ಕಟ್ಟುಗಳನ್ನು ಆಗಾಗ ವಿಲೇವಾರಿ ಮಾಡಿ. ಗುಡಿಸುವಾಗ ಸಿಕ್ಕ ಮೊಟ್ಟೆಚೀಲವನ್ನು ಕಸಕ್ಕೆ ಎಸೆದರೆ ಅಲ್ಲೇ ಮರಿಯಾಗುತ್ತದೆ. ಕಾಗದದ ಮೇಲಿಟ್ಟು ಹೊಸಕಿ ಹಾಕಬೇಕು.

ವಿಷ ಬೇಕೇ ಬೇಕೆಂದರೆ

ಇಷ್ಟಾದರೂ ಕಾಟ ತಗ್ಗದಿದ್ದರೆ ವಿಷದ ಮಾತು. 'ಹಾವೂ ಸಾಯಬೇಕು, ಕೋಲೂ ಮುರಿಯಬಾರದು' ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಇಲ್ಲಿ ಕೋಲೆಂದರೆ ನಮ್ಮ ಮಕ್ಕಳ ಆರೋಗ್ಯ!

ಸಿಂಪಡಿಸುವ ಔಷಧಿಗಿಂತ ಜೆಲ್ ರೂಪದ ತಿನಿಸು ಹೆಚ್ಚು ಪರಿಣಾಮಕಾರಿ. ಹೆಸರುಕಾಳಿಗಿಂತ ಚಿಕ್ಕ ಚುಕ್ಕೆಗಳಾಗಿ ಕಪಾಟಿನ ತಿರುಗಣಿಯ ಹಿಂದೆ, ಸಂದಿಗಳ ಒಳಗೆ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ತಿಂದ ಜಿರಲೆ ತಕ್ಷಣ ಸಾಯದೆ ಗೂಡಿಗೆ ಮರಳುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಮರಿಗಳೂ ಸಾಯುತ್ತವೆ. ಆ ಜಾಗದಲ್ಲಿ ಫಿನಾಯಿಲ್ ಒರೆಸಿದರೆ, ಸ್ಪ್ರೇ ಹೊಡೆದರೆ ಜಿರಲೆ ತಿನಿಸಿನ ಹತ್ತಿರ ಸುಳಿಯುವುದಿಲ್ಲ; ಹಣ ದಂಡ. ಮೊಟ್ಟೆಯಿಂದ ಹೊಸದಾಗಿ ಬಂದ ಮರಿಗಳಿಗಾಗಿ ಕೆಲವು ವಾರಗಳ ನಂತರ ಜೆಲ್ ಮತ್ತೆ ಇಡಬೇಕಾಗುತ್ತದೆ.

ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪುಡಿ ಹಳೆಯ ಮದ್ದು. ಜಿರಲೆ ಮೈಗೆ ಅಂಟಿದ್ದನ್ನು ನೆಕ್ಕಿ ಕೆಲವು ದಿನಗಳಲ್ಲಿ ಸಾಯುತ್ತದೆ. ಆದರೆ ಇದನ್ನು ಗೋಧಿಹಿಟ್ಟು, ಸಕ್ಕರೆಯೊಡನೆ ಕಲಸಿ ಉಂಡೆ ಮಾಡಿಡುವ ಅಭ್ಯಾಸ ಅಪಾಯಕಾರಿ. ಅಂಬೆಗಾಲಿಡುವ ಮಗುವಿಗೆ ಉಂಡೆ ಎಂದರೆ ಉಂಡೆಯೇ. ಬಳಿಯುವ ವಿಷದ ಕಡ್ಡಿಗಳ ವಿಷಯವೂ ಅಷ್ಟೆ. ನೋಡಲು ಸೀಮೆಸುಣ್ಣದಂತೆಯೇ ಇರುವುದರಿಂದ ಮಕ್ಕಳು ಆಟಕ್ಕೆ ಎತ್ತಿಕೊಳ್ಳುತ್ತಾರೆ. ಸಿಂಕಿನಲ್ಲಿ ಹಾಕುವ ನುಸಿಗುಳಿಗೆಯೂ ಮಿಠಾಯಿಯಂತೆ ಕಾಣುತ್ತದೆ. ಅದರಲ್ಲಿರುವ ನ್ಯಾಫ್ತಲೀನ್ ಕೆಲವು ಮಕ್ಕಳಲ್ಲಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಒಂದು ಕಾಲದಲ್ಲಿ ಮನೆಮನೆಯಲ್ಲೂ ಬಳಸುತ್ತಿದ್ದ ಡೈಕ್ಲೋರ್‌ವಾಸ್ ಎಂಬ ಕೀಟನಾಶಕವನ್ನು ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧಿಸಲಾಗಿದೆ. ಹಳೆಯ ಬಾಟಲಿ ಅಟ್ಟದ ಮೇಲಿದ್ದರೆ ಬಳಸಬೇಡಿ. ಹೊಲಕ್ಕೆ ತಂದ ಔಷಧಿಯನ್ನು ಅಡುಗೆಮನೆಗೆ ಹೊಡೆಯುವುದು, ತಂಪು ಪಾನೀಯದ ಬಾಟಲಿಗೆ ಬಗ್ಗಿಸಿ ಇಡುವುದು ಖಂಡಿತ ಕೂಡದು. ಸ್ಪ್ರೇ ಡಬ್ಬದೊಳಗಿನ ಅನಿಲ ಹೊತ್ತಿಕೊಳ್ಳುವಂಥದ್ದು. ಒಲೆಯೋ ದೇವರ ದೀಪವೋ ಉರಿಯುವಾಗ ಹತ್ತಿರ ಬಳಸಬಾರದು. ಮಗು ಏನಾದರೂ ನುಂಗಿದ್ದು ಕಂಡರೆ ವಾಂತಿ ಮಾಡಿಸಲು ಹೋಗದೆ, ಪೊಟ್ಟಣದ ಸಮೇತ ಕೂಡಲೇ ಆಸ್ಪತ್ರೆಗೆ ಧಾವಿಸಿ.

ಒಂದೇ ಔಷಧಿಯನ್ನು ನೆಚ್ಚಿಕೊಳ್ಳುವುದೂ ಜಾಣತನವಲ್ಲ. ಜೆಲ್‌ನಲ್ಲಿ ಸಿಹಿಗಾಗಿ ಗ್ಲೂಕೋಸ್ ಬೆರೆಸುತ್ತಿದ್ದರು. ಅದನ್ನು ಮುಟ್ಟದ ಜರ್ಮನ್ ಜಿರಲೆಗಳು 1993ರಲ್ಲೇ ವರದಿಯಾದವು. ಅವುಗಳ ನಾಲಗೆಗೆ ಗ್ಲೂಕೋಸ್ ಕಹಿಯಾಗಿ ಮುಟ್ಟುತ್ತದೆ ಎಂದು 2013ರಲ್ಲಿ ಸಂಶೋಧಕರು ತೋರಿಸಿದರು. ಗ್ಲೂಕೋಸ್ ತಿಂದವು ಸತ್ತವು, ಒಲ್ಲದವು ಉಳಿದು ಮರಿ ಹಾಕಿದವು. ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆ ನಮ್ಮ ಕಪಾಟಿನಲ್ಲೇ ನಡೆದಂತಾಯಿತು! ವಿಷವನ್ನು ಜೀರ್ಣಿಸಿಕೊಳ್ಳುವ ಸಂತತಿ ಹುಟ್ಟಬಹುದು. ನೀರಿಲ್ಲದೆ ಬದುಕುವ ಜಿರಲೆ ಹುಟ್ಟುವುದು ಸುಲಭವಲ್ಲ.

ಗೋಡೆಯ ಮೇಲಿನ ಮಿತ್ರರು

ಹಲ್ಲಿ, ಜೇಡಗಳು ಜಿರಲೆಯ ಶತ್ರುಗಳೆಂದು ಎಲ್ಲರಿಗೂ ಗೊತ್ತು. ಇನ್ನೊಬ್ಬ ಮಿತ್ರನಿದ್ದಾನೆ. ಕಿಟಕಿಯ ಬಳಿ, ಚಿಕ್ಕ ಹೊಟ್ಟೆಯನ್ನು ಬಾವುಟದಂತೆ ಮೇಲೆ ಕೆಳಗೆ ಆಡಿಸುತ್ತಾ ಓಡಾಡುವ ಕಪ್ಪು ಕಣಜವನ್ನು ನೀವು ನೋಡಿರಬಹುದು. ಇದರ ಹೆಸರು ಇವೇನಿಯಾ. ಮನುಷ್ಯರನ್ನು ಕುಟುಕುವುದಿಲ್ಲ. ದೊಡ್ಡ ಜಿರಲೆಯ ಮೊಟ್ಟೆಚೀಲವನ್ನು ಹುಡುಕಿ ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಹುಟ್ಟಿದ ಮರಿಹುಳು ಒಳಗಿನ ಜಿರಲೆ ಮೊಟ್ಟೆಗಳನ್ನೆಲ್ಲ ತಿಂದು ಮುಗಿಸುತ್ತದೆ. ಔಷಧಿ ತಲುಪದ ಚೀಲದೊಳಗೆ ಈ ಕಣಜ ತಲುಪುತ್ತದೆ! ಗಾಳಿಗೆ ಸಿಂಪಡಿಸಿದ ವಿಷಕ್ಕೆ ಮೊದಲು ಬಲಿಯಾಗುವವರಲ್ಲಿ ಇದೂ ಒಂದು. ಆದರೆ ಇದು ಮನೆಯಲ್ಲಿ ಕಂಡರೆ ಹತ್ತಿರದಲ್ಲೆಲ್ಲೋ ಮೊಟ್ಟೆಚೀಲಗಳಿವೆ ಎಂಬ ಸೂಚನೆಯೂ ಹೌದು.

ಬೇವಿನ ಸೊಪ್ಪು, ಬಜೆ, ಲವಂಗದ ಎಲೆ ಇವುಗಳ ಘಾಟಿಗೆ ಜಿರಲೆ ಒಂದು ಕಪಾಟಿನಿಂದ ಇನ್ನೊಂದಕ್ಕೆ ಹೋದೀತೇ ಹೊರತು ಸಂತತಿ ನಿಲ್ಲುವುದಿಲ್ಲ. ಕಿವಿಗೆ ಕೇಳಿಸದ ಶಬ್ದ ಹೊರಡಿಸಿ ಜಿರಲೆ ಓಡಿಸುತ್ತೇವೆ ಎನ್ನುವ ವಿದ್ಯುತ್ ಸಾಧನಗಳನ್ನೂ ನಂಬುವಂತಿಲ್ಲ. ಇಂಥ ಪ್ರಚಾರದ ಬಗ್ಗೆ ಅಮೆರಿಕದ ವ್ಯಾಪಾರ ಆಯೋಗ 2001ರಲ್ಲೇ 60ಕ್ಕೂ ಹೆಚ್ಚು ತಯಾರಕರು ಮತ್ತು ಮಾರಾಟಗಾರರಿಗೆ ಎಚ್ಚರಿಕೆ ನೀಡಿತ್ತು.

ವಠಾರ, ಅಪಾರ್ಟ್‌ಮೆಂಟುಗಳಲ್ಲಿ ಒಬ್ಬರೇ ಶ್ರಮಿಸಿದರೆ ಫಲ ಅರ್ಧ. ಕೊಳವೆಗಳೂ ಚರಂಡಿಯೂ ಎಲ್ಲರಿಗೂ ಸೇರಿದ್ದು. ನಾಲ್ಕು ಮನೆಯವರು ಒಂದೇ ವಾರದಲ್ಲಿ ಈ ಕೆಲಸ ಕೈಗೊಂಡರೆ ಓಡಿಹೋಗಲು ಜಿರಲೆಗೆ ಪಕ್ಕದ ಮನೆ ಇರುವುದಿಲ್ಲ. ಮಕ್ಕಳ ಎಣಿಕೆಯ ಪುಸ್ತಕವನ್ನೇ ಹಿಡಿದುಕೊಂಡು ಹೋಗಿ ಮಾತನಾಡಿ. ಅಂಕಿ ಸಂಖ್ಯೆಗಳ ಮುಂದೆ ಜಗಳಕ್ಕೆ ಆಸ್ಪದ ಕಡಿಮೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಏಳು ರಾತ್ರಿಯ ಎಣಿಕೆ ಮುಗಿದ ಮೇಲೆ ವಾರಕ್ಕೊಮ್ಮೆ ಬಾಟಲಿ ಇಡುತ್ತಾ, ಸಂಖ್ಯೆಯನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸುತ್ತಾ ಹೋಗಿ. ಗೆರೆ ಇಳಿಯುತ್ತದೆ, ಒಂದು ವಾರ ಸೊನ್ನೆಯನ್ನೂ ಮುಟ್ಟುತ್ತದೆ. ಅಲ್ಲಿಗೆ ಪುಸ್ತಕ ಮುಚ್ಚಬೇಡಿ. ಯಾವುದೋ ಸಂದಿಯಲ್ಲಿ ಉಳಿದ ಚೀಲ ಒಡೆಯಲು ಎಂಟು ವಾರ ಬೇಕು ಎಂದು ಈಗ ನಿಮಗೆ ಗೊತ್ತು. ಆ ಎಂಟು ವಾರವೂ ಬಾಟಲಿ ಇಡಿ. ಸಾಲಾಗಿ ಎಂಟು ಸೊನ್ನೆಗಳು ಬಂದರೆ, ನಿಮ್ಮ ಅಡುಗೆಮನೆಯಲ್ಲಿ ಆ ಸಂತತಿ ಮುಗಿದಂತೆ.